ಪರದೆ ಬಟ್ಟೆಯ ಗೌನು

ಇನ್ನೂರು ವರ್ಷದ ಹಿಂದೆ ಸತ್ತ ಇಂಗ್ಲೆಂಡಿನ ಜಮೀನ್ದಾರರು ಹೇಗೆ ಕುಣಿಯುತ್ತಿದ್ದರು ಎಂದು ತಿಳಿದುಕೊಂಡು ಯಾರಿಗೆ ಏನಾಗಬೇಕು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಮಗಳಿಗೆ ಅರ್ಥವಾಗಿದೆಯಂತೆ. ಅವಳು ಟೌರಂಗಾ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ವಾರವಿಡೀ ಮುದುಕರ ಮೊಣಕಾಲು ಮಡಿಸಿ ಬಿಡಿಸಿ, ಗುರುವಾರ ಸಂಜೆ ಚರ್ಚಿನ ಹಾಲೊಂದಕ್ಕೆ ಹೋಗಿ ಅಂಥದೇ ಮುದುಕರ ಜೊತೆ ಹಳೆಯ ಕುಣಿತ ಕಲಿಯುತ್ತಾಳೆ. ದುಡಿದು ದಣಿದ ಮೈಗೆ ಇದು ಬೇಕಾಗಿತ್ತಾ ಎಂದು ಒಮ್ಮೆ ಕೇಳಿದ್ದೆ. ಬೇಕು ಎಂದಳು.

ಮೊದಲ ಸಲ ನೋಡಲು ಹೋದಾಗ ನಗು ತಡೆಯಲು ನಾನು ಕೆಮ್ಮಬೇಕಾಯಿತು. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು. ಗಂಡಸರು ಸಾಲದ್ದಕ್ಕೆ ಅರ್ಧ ಜನ ಹೆಂಗಸರೇ ತೋಳಿಗೆ ರಿಬ್ಬನ್ ಕಟ್ಟಿಕೊಂಡು ಗಂಡಸರಾಗಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಫುಟ್‌ಬಾಲ್ ಆಟಗಾರರ ಉದ್ದ ಸಾಕ್ಸನ್ನು ಮೊಣಕಾಲಿನವರೆಗೆ ಎಳೆದುಕೊಂಡು ಕುಲೀನರಾಗಿದ್ದರು. ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂದು ಹಳೆಯ ಪುಸ್ತಕವೊಂದರ ಜೆರಾಕ್ಸ್ ಹಿಡಿದು ಮುಕ್ಕಾಲು ಗಂಟೆ ವಾದ ಮಾಡಿದರು, ಐದು ನಿಮಿಷ ಕುಣಿದರು, ಆಮೇಲೆ ಟೀ ಕುಡಿದರು. ಇಂಗ್ಲೆಂಡಿನದು ಮುಗಿದ ಮೇಲೆ ಅಮೆರಿಕದ ಹಳೆಯ ಕುಣಿತವೂ ಇತ್ತು. ಅದರಲ್ಲಿ ಒಬ್ಬ ನಿಂತು ಹೀಗೆ ಮಾಡಿ ಹಾಗೆ ಮಾಡಿ ಎಂದು ಕೂಗುತ್ತಾನೆ, ಉಳಿದವರು ಹಾಗೆಯೇ ಮಾಡುತ್ತಾರೆ. ಅದನ್ನು ಪೆನ್‌ರೋಸ್‌ನ ನಮ್ಮ ಗೋದಾಮಿನಲ್ಲಿ ನಾನು ದಿನಾ ಮಾಡುತ್ತೇನೆ, ಸಂಬಳವನ್ನೂ ಕೊಡುತ್ತಾರೆ.

ನಮ್ಮವರ ಕುಣಿತದ ಮೇಲೆ ನನಗೆ ದೊಡ್ಡ ಗೌರವವಿದೆ ಅಂತಲ್ಲ. ರಾಜ್ಯೋತ್ಸವದ ದಿನ ಬಾಡಿಗೆ ಹಾಲಿನಲ್ಲಿ ಎಂಟು ಜನ ಆಂಟಿಯರು ಒಂದೇ ಬಣ್ಣದ ಸೀರೆ ಉಟ್ಟು ಸಿನಿಮಾ ಹಾಡಿಗೆ ಕೈ ಬೀಸುವುದನ್ನೂ ನೋಡಿದ್ದೇನೆ. ಆದರೆ ಅವರು ತಾವು ಇತಿಹಾಸ ಉಳಿಸುತ್ತಿದ್ದೇವೆ ಎಂದು ಹೇಳಿಕೊಳ್ಳುವುದಿಲ್ಲ.

ನಾವು ಗದಗದ ಕಡೆಯ ಪಿಂಜಾರರು. ಅಜ್ಜ ಊರೂರು ತಿರುಗಿ ಬಿಲ್ಲು ಮೀಟಿ ಹತ್ತಿ ಹಿಂಜುತ್ತಿದ್ದ, ಗಾದಿ ಹೊಲಿಯುತ್ತಿದ್ದ. ಅಪ್ಪ ಬಟ್ಟೆ ಅಂಗಡಿ ಇಟ್ಟ. ನಾನು ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದು, ಊರು ಬಿಟ್ಟು ಈ ಪರದೇಶಕ್ಕೆ ಬಂದು, ಈಗ ಪೆನ್‌ರೋಸ್‌ನಲ್ಲಿ ಪರದೆ ಬಟ್ಟೆಯ ರೋಲುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಕಣ್ಣು ಮುಚ್ಚಿ ಮುಟ್ಟಿದರೂ ಯಾವುದು ಹತ್ತಿ, ಯಾವುದು ಪಾಲಿಯೆಸ್ಟರ್, ಯಾವುದರಲ್ಲಿ ಎಷ್ಟು ಮಿಶ್ರಣ ಎಂದು ಹೇಳಬಲ್ಲೆ. ನನಗೆ ಗೊತ್ತಿರುವ ವಿದ್ಯೆ ಅದೊಂದೇ.

ಕಳೆದ ವರ್ಷ ಮಗಳು ವಿಡಿಯೊ ಕಾಲ್ ಮಾಡಿ, ಆ ಕುಣಿತದ ಕ್ಲಬ್ಬಿನ ವಾರ್ಷಿಕ ನೃತ್ಯಕೂಟದಲ್ಲಿ ಮೊದಲ ಕುಣಿತ ತನ್ನಿಂದ ಶುರುವಾಗುತ್ತದೆ ಎಂದಳು. ಸಾಲಿನ ಮೇಲ್ತುದಿಯಲ್ಲಿರುವ ಜೋಡಿ ಒಂದೇ ಮೊದಲು ಕುಣಿಯುತ್ತದಂತೆ. ಅದು ಕೆಳಕ್ಕೆ ಸರಿದಂತೆ ಉಳಿದವರು ನೋಡಿ ಕಲಿತು ಸೇರಿಕೊಳ್ಳುತ್ತಾರಂತೆ. ಆ ಒಂದು ಕುಣಿತಕ್ಕೆ ಕರೆಂಟ್ ದೀಪ ಆರಿಸಿ ಮೇಣದಬತ್ತಿ ಹಚ್ಚುವುದರಿಂದ, ಅದರಲ್ಲಿ ಇರುವವರೆಲ್ಲ ಹತ್ತಿ, ಅಗಸೆ ನಾರು, ಉಣ್ಣೆ, ರೇಷ್ಮೆ ಇವಿಷ್ಟನ್ನೇ ಉಡಬೇಕೆಂಬ ನಿಯಮವಿತ್ತು. ಆರು ವರ್ಷ ಕಲಿತದ್ದಕ್ಕೆ ಸಿಕ್ಕ ಜಾಗ ಎಂದು ಅವಳ ಮುಖವೆಲ್ಲ ಬೆಳಗುತ್ತಿತ್ತು.

"ಗೌನಿಗೆ ತೆಳ್ಳನ ಬಿಳೇ ಕಾಟನ್ ಬೇಕಪ್ಪಾ. ಉಳಿದೋರು ಅಂಗಡಿ ಅಂಗಡಿ ತಿರಗಾಕತ್ತಾರ. ನನಗ ನೀ ಅದಿ," ಎಂದಳು.

ನಾನು ಹೂಂ ಎಂದೆ. ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಬಿಳಿಯರ ಸಾಲಿನ ಮೇಲ್ತುದಿಗೆ ನಮ್ಮ ಕಂದು ಬಣ್ಣದ ಹುಡುಗಿಯನ್ನು ನಿಲ್ಲಿಸುತ್ತಾರಾ? ಕೊನೇ ಗಳಿಗೆಯಲ್ಲಿ ಏನೋ ನೆಪ ತೆಗೆದು ಕೆಳಗಿಳಿಸುತ್ತಾರೆ, ಬರೆದಿಟ್ಟುಕೋ ಎಂದು ಹೆಂಡತಿಗೆ ಹೇಳಿದೆ. ಆ ಗಳಿಗೆಗಾಗಿ ಇಂಗ್ಲಿಷಿನಲ್ಲಿ ಒಂದು ಭಾಷಣವನ್ನೇ ತಯಾರು ಮಾಡಿದೆ. ನಿಮ್ಮ ಅಜ್ಜಿಯರು ಉಟ್ಟ ಮಸ್ಲಿನ್ ಯಾರ ಹೊಲದ ಹತ್ತಿ, ಯಾರ ಬೆರಳು ನೂತದ್ದು ಎಂದು ಶುರುವಾಗುತ್ತಿತ್ತು ಅದು. ಕೆಲಸಕ್ಕೆ ಹೋಗುವಾಗ ಬರುವಾಗ ಕಾರಿನಲ್ಲಿ ಅದನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಅದನ್ನು ಹೇಳುವ ಅವಕಾಶ ಸಿಗಲಿ ಎಂದು ಕಾಯುತ್ತಿದ್ದೆ.

ನಮ್ಮ ಮನೆಯ ಸೂಟ್‌ಕೇಸಿನಲ್ಲಿ ಹನ್ನೆರಡು ಮೀಟರ್ ಅಪ್ಪಟ ಹತ್ತಿಯ ಮಲ್‌ಮಲ್ ಇತ್ತು. ಮಗಳ ಮದುವೆಗೆಂದು ಊರಿನಿಂದ ತಂದಿಟ್ಟದ್ದು. ಹೆಂಡತಿ ಅದನ್ನು ತೆಗೆದು ಮೇಜಿನ ಮೇಲೆ ಹರಡಿದಳು. ನಾನು ಮಡಿಸಿ ತಿರುಗಿ ಒಳಗಿಟ್ಟೆ. ಸತ್ತ ಬಿಳಿಯರ ವೇಷಕ್ಕೆ ಇದನ್ನು ಕತ್ತರಿಸಲು ನನಗೇನು ತಲೆ ಕೆಟ್ಟಿದೆಯಾ ಎಂದೆ. ಮಾರನೆಯ ದಿನ ಗೋದಾಮಿನಲ್ಲಿ ಕೇಳಿ, ರೋಲಿನ ಕೊನೆಯಲ್ಲಿ ಉಳಿದಿದ್ದ ಕಿಟಕಿ ಪರದೆಯ ತುಂಡನ್ನು ತಂದೆ. ಬಿಳಿ, ತೆಳು, ನೋಡುವ ಕಣ್ಣಿಗೆ ಮಲ್‌ಮಲ್ಲೇ. ಪೂರ್ತಿ ಪಾಲಿಯೆಸ್ಟರ್.

ಹೆಂಡತಿ ಮಷಿನ್ನಿನ ಮುಂದೆ ಕುಳಿತು ಎರಡು ಹೊಲಿಗೆ ಹಾಕುವಷ್ಟರಲ್ಲಿ ನಿಲ್ಲಿಸಿದಳು. ಬಟ್ಟೆ ಅವಳ ತೋಳಿಗೆ ಅಂಟಿ ಚಟಚಟ ಅನ್ನುತ್ತಿತ್ತು.

"ಆಕಿ ಕೇಳಿದ್ದು ಹತ್ತಿ ಅರಿವಿ ರೀ," ಎಂದಳು.

ಯಾರು ನೋಡುತ್ತಾರೆ ಎಂದೆ. ಅವಳು ಹೊಲಿದು ಮುಗಿಸಿದಳು.

ನೃತ್ಯಕೂಟದ ಶನಿವಾರ ಗೌನನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಟೌರಂಗಾಕ್ಕೆ ಹೋದೆವು. ಗೌನು ಹಾಕಿಕೊಂಡು ಮಗಳು ಎರಡು ಸುತ್ತು ತಿರುಗಿದಳು, ಅಮ್ಮನನ್ನು ತಬ್ಬಿಕೊಂಡಳು. ಹಾಲಿನ ಬಾಗಿಲಲ್ಲಿ ಒಂದು ಪುಟ್ಟ ಮೇಜು ಹಾಕಿ, ಉಡುಪುಗಳ ಉಸ್ತುವಾರಿಯ ಮುದುಕಿಯೊಬ್ಬಳು ಕುಳಿತಿದ್ದಳು. ನಿವೃತ್ತ ಶಾಲಾ ಟೀಚರಂತೆ. ಮುಂದೆ ಒಂದು ಮೇಣದಬತ್ತಿ, ಒಂದು ಚಿಮಟ, ಒಂದು ತಟ್ಟೆಯಲ್ಲಿ ನೀರು. ಮೊದಲ ಕುಣಿತದವರ ಬಟ್ಟೆಯ ಒಳಹೊಲಿಗೆಯಿಂದ ಒಂದೊಂದು ಎಳೆ ಕಿತ್ತು ಸುಟ್ಟು ನೋಡುತ್ತಿದ್ದಳು. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಕರಿ ಗುಂಡಾಗುತ್ತದೆ. ನಮ್ಮ ಅಪ್ಪನ ಅಂಗಡಿಯಲ್ಲಿ ಇದನ್ನು ಗಿರಾಕಿಗಳ ಎದುರಿಗೆ ನಾನೇ ಸಾವಿರ ಸಲ ಮಾಡಿ ತೋರಿಸಿದ್ದೇನೆ. ಅಂಥ ನನಗೆ, ಒಬ್ಬ ನಿವೃತ್ತ ಟೀಚರ್ ಇದನ್ನು ಮಾಡಬಹುದು ಎಂದು ಹೊಳೆದಿರಲಿಲ್ಲ.

ಮಗಳು ನಗುತ್ತ, ನಮ್ಮದು ತಲೆತಲಾಂತರದಿಂದ ಹತ್ತಿಯವರ ಮನೆತನ, ಇದು ಅಪ್ಪನೇ ಆರಿಸಿದ ಬಟ್ಟೆ, ನೋಡುವುದೇ ಬೇಡ ಎಂದಳು. ಮುದುಕಿಯೂ ನಕ್ಕಳು. ನಿಯಮ ಎಲ್ಲರಿಗೂ ಒಂದೇ, ನನ್ನ ಲಂಗದ ಎಳೆಯನ್ನೂ ಸುಟ್ಟಿದ್ದೇನೆ ಎನ್ನುತ್ತ ಚಿಮಟ ಹಾಕಿ ಎಳೆದಳು. ಎಳೆ ಮುದುರಿತು, ಹೊಗೆಯಾಡಿತು, ಕರಿ ಗುಂಡಾಗಿ ತಟ್ಟೆಯ ನೀರಿಗೆ ಬಿತ್ತು. ಪ್ಲಾಸ್ಟಿಕ್ ಸುಟ್ಟ ವಾಸನೆ ನಾಲ್ಕೂ ಜನರ ಮೂಗಿಗೆ ಬಡಿಯಿತು.

ಮುದುಕಿ ಮೆಲ್ಲಗೆ, ಕಿಡಿ ತಾಕಿದರೆ ಇದು ಕರಗಿ ಮೈಗೆ ಅಂಟಿಕೊಳ್ಳುತ್ತದೆ, ದೀಪ ಹಾಕಿದ ಮೇಲೆ ಎರಡನೆಯ ಕುಣಿತಕ್ಕೆ ಬಾ ಎಂದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ತಯಾರು ಮಾಡಿದ ಭಾಷಣ ಗಂಟಲಲ್ಲೇ ಕುಳಿತಿತ್ತು. ಬಣ್ಣ ನೋಡಿ ಕೆಳಗಿಳಿಸುತ್ತಿದ್ದೀರಿ ಎಂದು ಶುರುಮಾಡಿ, ಯಾರ ಹೊಲದ ಹತ್ತಿ ಎಂಬಲ್ಲಿಯವರೆಗೂ ಬಂದುಬಿಟ್ಟೆ. ಪಾಲಿಯೆಸ್ಟರ್ ಪರದೆಯ ಎದುರು ನಿಂತು ಹತ್ತಿಯ ಹೊಲದ ಮಾತು. ಇವತ್ತಿಗೂ ನೆನೆಸಿಕೊಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಮಗಳು ತಟ್ಟೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ಅಪ್ಪಾ, ನಿನಗ ಗೊತ್ತಿತ್ತು, ಹೌದಿಲ್ಲೋ?"

"ಗೊತ್ತಿತ್ತು," ಎಂದೆ.

ಅವಳ ಜಾಗಕ್ಕೆ ಕರೆದದ್ದು ಅವಳದೇ ಆಸ್ಪತ್ರೆಯ ನರ್ಸನ್ನು. ಸಮೋವಾ ದ್ವೀಪದವಳು, ನನ್ನ ಮಗಳಿಗಿಂತ ಕಪ್ಪು. ಬಳಸಿದ ಸಾಮಾನು ಮಾರುವ ಆಪ್ ಶಾಪಿನಲ್ಲಿ ಕೊಂಡ ಹಳೆಯ ಹಾಸುಬಟ್ಟೆಯಲ್ಲಿ ತಾನೇ ಗೌನು ಹೊಲಿದುಕೊಂಡಿದ್ದಳು. ಅದು ಒರಟು, ಅಂಚು ಸೊಟ್ಟ. ಆದರೆ ಹತ್ತಿ.

ದೀಪ ಆರಿಸಿದರು. ಮಗಳು ನಮ್ಮ ಪಕ್ಕದ ಬೆಂಚಿನಲ್ಲಿ ಕೈಗವಸು ಹಾಕಿಕೊಂಡ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮೇಣದ ಬೆಳಕಿನಲ್ಲಿ ಆ ನರ್ಸು ಮತ್ತು ಈ ಸಲ ಉಣ್ಣೆಯ ಉದ್ದ ಸಾಕ್ಸು ಹಾಕಿದ್ದ ಬ್ಯಾಂಕ್ ಮ್ಯಾನೇಜರು ಇಬ್ಬರೇ ಸಾಲಿನ ನಡುವೆ ನಡೆದು ಬಂದರು. ಚೆನ್ನಾಗಿತ್ತು ಎಂದು ಹೇಳಲು ಈಗಲೂ ನನಗೆ ಬಾಯಿ ಬಾರದು. ಮಗಳ ಪಾದಗಳು ಮಾತ್ರ ಬೆಂಚಿನ ಕೆಳಗೆ ಒಂದೂ ಹೆಜ್ಜೆ ತಪ್ಪದೆ ಲೆಕ್ಕ ಹಾಕುತ್ತಿದ್ದವು. ನಾನು ಅದನ್ನು ಕೊನೆಯವರೆಗೂ ನೋಡುತ್ತ ಕುಳಿತೆ. ಎರಡನೆಯ ಕುಣಿತಕ್ಕೆ ಕರೆದಾಗ ಅವಳು ಎದ್ದು ಹೋಗಿ ಸಾಲಿನ ಕಟ್ಟಕಡೆಗೆ ನಿಂತಳು.

ಅವಳು ಜಗಳವಾಡಲಿಲ್ಲ. ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದವಳು ಹಾಗೆಯೇ ಮಾಡುತ್ತಿದ್ದಳು. ಈ ವರ್ಷ ಆ ಜಾಗ ಮತ್ತೆ ಅವಳಿಗೇ ಸಿಕ್ಕಿತು. ಬಟ್ಟೆ ಬೇಕು ಎಂದು ನನ್ನನ್ನು ಕೇಳಲಿಲ್ಲ. ನಾನಾಗಿಯೇ ಸೂಟ್‌ಕೇಸಿನ ಮಲ್‌ಮಲ್ ತೆಗೆದುಕೊಂಡು ಹೆಂಡತಿಯ ಜೊತೆ ಟೌರಂಗಾಕ್ಕೆ ಹೋಗಿ ಅವಳ ಅಡುಗೆಮನೆಯ ಮೇಜಿನ ಮೇಲಿಟ್ಟೆ. ನಿನ್ನ ಮದುವೆಗೆಂದು ಇಟ್ಟದ್ದು ಎಂದೆ.

ಅವಳು ಬಟ್ಟೆಯನ್ನು ನೇವರಿಸಿದಳು. ಆಮೇಲೆ ಡ್ರಾಯರಿನಿಂದ ಚಿಮಟ ಮತ್ತು ಲೈಟರ್ ತೆಗೆದಳು. ಬೇಡ ಬಿಡು ಎಂದು ಅವಳ ಅಮ್ಮ ಅಂದಳು. ಅವಳು ಅಂಚಿನಿಂದ ಒಂದು ಎಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಹಚ್ಚಿದಳು. ಎಳೆ ಕಾಗದದಂತೆ ಉರಿಯಿತು. ಬೂದಿಯನ್ನು ಎರಡು ಬೆರಳುಗಳ ನಡುವೆ ಪುಡಿ ಮಾಡಿ ನೋಡಿದಳು, ಕೈ ತೊಳೆದುಕೊಂಡಳು.

"ಕಾಟನ್ನ ಐತಿ. ಕತ್ತರಸವ್ವಾ," ಎಂದಳು. ಹೇಳಿದ್ದು ಅಮ್ಮನಿಗೆ.