ರಜೆಯಲ್ಲಿರುವವರಿಗೆ ಊಟ ಇಲ್ಲ

ಹೋದ ಡಿಸೆಂಬರಿನ ಒಂದು ಮಧ್ಯಾಹ್ನ ಕಂಪನಿಯ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಬೆರಳೊತ್ತಿದರೆ ಹಾಜರಿ ಯಂತ್ರದಲ್ಲಿ ಕೆಂಪು ದೀಪ ಉರಿಯಿತು. ಬಡಿಸುತ್ತಿದ್ದವರು ಸೌಟು ಕೆಳಗಿಟ್ಟು, "ಸಾರ್, ನಿಮ್ಗೆ ಊಟ ಇಲ್ಲ. ನೀವಿವತ್ತು ಲೀವಲ್ಲಿದೀರ" ಎಂದರು.

ನಿಜ, ರಜೆಯಲ್ಲೇ ಇದ್ದೆ. ಬೆಳಿಗ್ಗೆಯಿಂದ ನನ್ನ ಕುರ್ಚಿಯಲ್ಲೇ ಕೂತು ರಜೆ ಅನುಭವಿಸುತ್ತಿದ್ದೆ. ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಿಟ್ಟರೆ, ನಾವು ಕೆಲಸ ಬಿಡುವಾಗ ಕಂಪನಿ ಅದಕ್ಕೆ ದುಡ್ಡು ಕೊಡಬೇಕಾಗುತ್ತದೆ. ಅದಕ್ಕೇ ಕಾಮಾಕ್ಷಿಪಾಳ್ಯದ ನಮ್ಮ ಕಂಪನಿಯಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರೂ ರಜೆ ಹಾಕಬೇಕು, ಹಾಕಿ ಕೆಲಸಕ್ಕೂ ಬರಬೇಕು. ಬಾರದವರ ಹೆಸರು ಇನ್‌ಕ್ರಿಮೆಂಟ್ ಹೊತ್ತಿಗೆ ಮ್ಯಾನೇಜರಿಗೆ ಚೆನ್ನಾಗಿ ನೆನಪಿರುತ್ತದೆ.

ಅದೇ ಮ್ಯಾನೇಜರ್ ಸಾಲಿನಲ್ಲಿ ನನ್ನ ಹಿಂದೆಯೇ ಇದ್ದರು. ನ್ಯಾಯ ಸಿಕ್ಕೀತೆಂದು ಅವರತ್ತ ತಿರುಗಿದೆ.

"ರಜೆ ದಿನ ಕಂಪನಿ ಹೆಂಗ್ರೀ ಊಟ ಕೊಡುತ್ತೆ? ರೂಲ್ಸ್ ಅಂತ ಒಂದಿದೆ ಅಲ್ವಾ? ಹೊರಗಡೆ ತಿಂದ್ಕೊಂಡು ಬೇಗ ಬನ್ನಿ, ತುಂಬಾ ಕೆಲಸ ಇದೆ" ಎಂದವರೇ ನನ್ನನ್ನು ದಾಟಿ ಹೋಗಿ ತಟ್ಟೆ ಒಡ್ಡಿದರು.

ಮೊದಲೆಲ್ಲ ನಾಳೆ ರಜೆ ಎಂದರೆ ಎಲ್ಲಿಗೆ ಹೋಗೋಣ ಎಂದು ಹೆಂಡತಿ ಕೇಳುತ್ತಿದ್ದಳು. ಅಂದಿನಿಂದ ಏನೂ ಕೇಳದೆ, ಬೆಳಿಗ್ಗೆ ಬೇಗ ಎದ್ದು ಡಬ್ಬಿ ಕಟ್ಟುತ್ತಾಳೆ.