ಚೆಂಡುಹೂವಿನ ಮೊದಲ ಸಾಲು

ಗುಂಡ್ಲುಪೇಟೆಯಿಂದ ಹಂಗಳಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಚೆಂಡುಹೂವಿನ ಹೊಲ ನನ್ನ ಹೆಂಡತಿಯ ಆಡಳಿತಕ್ಕೆ ಸೇರಿದ್ದು. ನಾನು ಅಲ್ಲಿನ ಸಲಹಾ ಸಮಿತಿಯ ಏಕೈಕ ಸದಸ್ಯ. ಸಲಹೆಯನ್ನು ಯಾರೂ ಕೇಳುವುದಿಲ್ಲ. ಓಣಂ ಹಬ್ಬಕ್ಕೆ ಹೂ ಕೊಡುವುದಾಗಿ ಅವಳು ಕೇರಳದ ವ್ಯಾಪಾರಿಗೆ ಮಾತು ಕೊಟ್ಟಿದ್ದಳು. ಗಿಡಗಳೋ ಮೊಗ್ಗಿನ ವಿಚಾರ ಮರೆತು ಬರೀ ಎತ್ತರಕ್ಕೆ ಹೋಗುತ್ತಿದ್ದವು. ಪೇಟೆಯ ಔಷಧಿ ಅಂಗಡಿಯವರು ಬೆಳವಣಿಗೆಗೆ ಕಡಿವಾಣ ಹಾಕುವ ಔಷಧಿಯೊಂದನ್ನು ಕೊಟ್ಟು, ಗಾಳಿಯಿಲ್ಲದ ತಂಪು ಹೊತ್ತಿನಲ್ಲಿ, ಮಾಸ್ಕು, ಕೈಗವಸು ಹಾಕಿಕೊಂಡು, ಅಳತೆ ಮೀರದೆ ಹೊಡೆಯಿರಿ ಎಂದಿದ್ದರು.

ಅವಳು ಎಲ್ಲವನ್ನೂ ಪಾಲಿಸಿದಳು. ಮೊದಲ ಸಾಲು ಮುಗಿಸಿ ತಟ್ಟನೆ ನಿಂತಳು. ಮಾಸ್ಕಿನೊಳಗೂ ಘಾಟು ಬರುತ್ತಿತ್ತು. ಡಬ್ಬಿ ಬಿಚ್ಚಿದಾಗ ಹೊಸ ಔಷಧಿಗೆ ಆ ಘಾಟು ಇರಲಿಲ್ಲ.

ಔಷಧಿ ಹೊಡೆಯುವ ಕ್ಯಾನು ಹಿಂದಿನ ಸಂಜೆಯಷ್ಟೇ ಅವಳ ಅಣ್ಣನ ಮನೆಯಿಂದ ವಾಪಸು ಬಂದಿತ್ತು. ತಳದಲ್ಲಿದ್ದುದು ತೊಳೆದ ನೀರೆಂದು ತಿಳಿದು ಅದರ ಮೇಲೆಯೇ ಹೊಸ ಔಷಧಿ ಬೆರೆಸಿದ್ದಳು. ಆ ಅಣ್ಣ, ಅಂದರೆ ನನ್ನ ಭಾವ, ಪಕ್ಕದ ಹೊಲದಲ್ಲೇ ಇದ್ದರು. ಕೇಳಿದ್ದಕ್ಕೆ ದಾನಿಗಳ ಗಾಂಭೀರ್ಯದಿಂದ ಹೇಳಿದರು:

"ಬರೀ ಕ್ಯಾನ ಎಂಗವ್ವ ಕಳ್ಸದು? ಜೋಳುಕ್ಕೆ ಕಳೆ ಔಸ್ದಿ ಒಡ್ದು ವಸಿ ಉಳ್ದಿತ್ತು. ಅಂಗೇ ಬುಟ್ಟು ಕಳುಸ್ದೆ."

ನಮ್ಮಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಮಜ್ಜಿಗೆಯ ಚೊಂಬಿಗೆ ಚೂರು ಬೆಲ್ಲ, ಮೊರಕ್ಕೆ ಹಿಡಿ ಅವರೆ. ಆ ಘನ ಸಂಪ್ರದಾಯವನ್ನು ಭಾವ ಕಳೆನಾಶಕಕ್ಕೂ ವಿಸ್ತರಿಸಿದ್ದರು.

ಅಂಗಡಿಗೆ ಫೋನು ಮಾಡಿದೆವು. ಮೊದಲು ಸೋಪು ಹಾಕಿ ಸ್ನಾನ ಮಾಡಲು ಹೇಳಿದರು. ಗಿಡದ ಗತಿ ಕೇಳಿದ್ದಕ್ಕೆ ಹೇಳಿದರು: "ಆ ಕಳೆ ಔಸ್ದಿ ಒಂಥರಾ ಬೆಳ್ಸೋ ಔಸ್ದೀನೆ ಕಣಮ್ಮ. ಗಿಡ ಸೊಟ್ಟುಗ್ ಬೆಳ್ದು ಬೆಳ್ದೇ ಸಾಯ್ತದೆ." ಹನಿ ಪಕ್ಕದ ಸಾಲುಗಳಿಗೂ ಹಾರಿದ್ದರೆ ಅವೂ ಹೋದಂತೆಯೇ, ಕಾದು ನೋಡಿ ಎಂದರು.

ಮಾರನೆಯ ದಿನ ಮೊದಲ ಸಾಲಿನ ಕುಡಿಗಳು ಹಗ್ಗ ಹೊಸೆದಂತೆ ತಿರುಚಿಕೊಂಡವು. ನಮ್ಮ ಕಣ್ಣೆಲ್ಲ ಎರಡನೆಯ ಸಾಲಿನ ಮೇಲೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡಿದರೂ ಕುಡಿ ತಿರುಚಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆವು. ಸಂಜೆ ಅದು ತಲೆ ಎತ್ತಿದ ಮೇಲೆಯೇ ನಮಗೆ ಊಟ ಸೇರುತ್ತಿದ್ದುದು. ಭಾವ ದಿನವೂ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದರು. ತಂಗಿ ಸಾಲಿನಿಂದ ತಲೆ ಎತ್ತುತ್ತಿರಲಿಲ್ಲ.

ವಾರ ಕಳೆಯಿತು. ಎರಡನೆಯ ಸಾಲು ನೆಟ್ಟಗೇ ಇತ್ತು, ಅಲ್ಲೊಂದು ಇಲ್ಲೊಂದು ಮೊಗ್ಗು. ಅವಳು ಮೊದಲ ಸಾಲನ್ನು ಕಿತ್ತು, ದನ ಬಾಯಿ ಹಾಕದಂತೆ ಗುಂಡಿಯಲ್ಲಿ ಹಾಕಿ ಮುಚ್ಚಿದಳು. ಗುಂಡಿ ತೋಡಲು ಗುದ್ದಲಿ ಹಿಡಿದವರು ಭಾವ. ಉಳಿದ ಗಿಡಗಳಿಗೆ ಔಷಧಿ ಹೊಡೆಯಲು ಹೊಸ ಕ್ಯಾನೇ ತರುತ್ತೇನೆಂದರು.

"ಔಸ್ದಿನೇ ಬ್ಯಾಡ ಬುಡಣ್ಣ. ಊವು ತಡ ಆದ್ರೆ ಆಗ್ಲಿ."

ವ್ಯಾಪಾರಿಗೆ ಅವಳೇ ಫೋನು ಮಾಡಿ ಹೂ ತಡವಾಗುತ್ತದೆ ಎಂದಳು. ಅವನು ಎಷ್ಟು ಸಿಗುತ್ತದೆಂದು ಕೇಳಿದ. ಅವಳು ಮೊಗ್ಗೊಂದನ್ನು ಬೆರಳಿನಿಂದ ಒತ್ತಿ ನೋಡಿ, ಹಬ್ಬಕ್ಕೆ ಅರ್ಧ ಹೊಲದ ಹೂ ಬರಬಹುದು, ಮಿಕ್ಕಿದ್ದಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು.