ಅಟ್ಟದ ಮೇಲಿನ ಚಹಾ

ಪುರಸಭೆಯಿಂದ ಮನೆ ತಪಾಸಣೆಗೆ ಬರುತ್ತಿದ್ದ ಓವರ್‌ಸಿಯರು ಕೆಳಗೆ ಕೂತು ಚಹಾ ಕುಡಿದದ್ದನ್ನು ಸಿಂಧನೂರಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಚಪ್ಪಲಿ ಬಿಟ್ಟು, "ಮ್ಯಾಲೆ ಕೂತು ಕುಡಿಯೂನ್ರಿ, ಎಲ್ಲಾರೂ ಬರ್ರಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ನಾವು ಹಿತ್ತಿಲಲ್ಲಿ ಕೋಣೆ ಕಟ್ಟಲು ಪರವಾನಗಿ ಕೇಳಿದ್ದೆವು. ಅಜ್ಜನ ಕಾಲದಲ್ಲಿ ಜೋಳ ತುಂಬುತ್ತಿದ್ದ ಅಟ್ಟವನ್ನು ಅಪ್ಪ ಎಂದೋ ಮಲಗುವ ಕೋಣೆ ಮಾಡಿದ್ದ, ಯಾರನ್ನೂ ಕೇಳದೆ. ಈಗ ಹೊಸದರ ಜೊತೆ ಅದೂ ಪಾಸಾಗಬೇಕಿತ್ತು.

"ಜ್ವಾಳದ ಚೀಲಾನ ತಡದೈತ್ರಿ, ಮಂದಿ ಏನ್ ಮಹಾ!" ಎನ್ನುತ್ತ ಅಪ್ಪ ಮೆಟ್ಟಿಲು ಹತ್ತಿದ. ನಾವೂ ಹತ್ತಿದೆವು. ಅವ್ವ ಮಾತ್ರ ಚಹಾದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೆಳಗೇ ನಿಂತಳು.

ಓವರ್‌ಸಿಯರು ಬಗ್ಗಿ ನೋಡಿದರು. "ಅಕ್ಕಾರ, ನೀವ್ಯಾಕ ಬರವಲ್ರಿ?"

"ಕಿಡಕಿ ಕಡೆ ತೊಲಿ ಲಟಲಟ ಅಂತೈತ್ರಿ. ಕಸಾ ಹೊಡಿಯುವಾಗೂ ಅಲ್ಲಿ ನಾ ಕಾಲಿಡಂಗಿಲ್ಲ. ಹುಡುಗ್ರ ಹಾಸಿಗಿನೂ ಈ ಕಡೆನ ಹಾಸ್ತೀನಿ."

ಅಪ್ಪನ ಮೋರೆ ಕೆಂಪಾಯಿತು. ಓವರ್‌ಸಿಯರು ಚಹಾ ಮುಟ್ಟಲಿಲ್ಲ, ದನಿಯನ್ನೂ ಏರಿಸಲಿಲ್ಲ. "ತೊಲಿ ಬದಲಾಸ್ರಿ. ಮತ್ತ ಬರತೀನಿ."

ಹೊಸ ತೊಲೆ ಕೂರಿಸಿದ ಮೇಲೆ ಹೇಳಿದಂತೆ ಬಂದರು. ಕೆಳಗೆ ಅಪ್ಪ ತೊಲೆಯ ಗುಣಗಾನ ಮಾಡುತ್ತಿರುವಾಗಲೇ ಅವ್ವ ಚಹಾದ ತಟ್ಟೆ ಹಿಡಿದು ತಾನೇ ಮೊದಲು ಮೆಟ್ಟಿಲು ಹತ್ತಿ, ಕಿಟಕಿಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಓವರ್‌ಸಿಯರು ಅವಳೆದುರು ಕೂತು, ಕಪ್ಪು ಖಾಲಿ ಮಾಡಿ, ಆಮೇಲೆ ಜೇಬಿನಿಂದ ಪೆನ್ನು ತೆಗೆದರು.